ಅಪ್ಪನನ್ನು ಕೇಳಿ ಹಾಕುತ್ತಿದ್ದ ಓಟು

ಅಪ್ಪ ಮಿಲ್ಲಿನ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದು ನೆಲೆಸಿದವನು, ರೇಶನ್ ಕಾರ್ಡನ್ನು ಇಲ್ಲಿಗೆ ತಂದ, ನಮ್ಮ ಸಾಲೆಯ ದಾಖಲೆಗಳನ್ನು ತಂದ, ಮನೆಯವರೆಲ್ಲರ ಓಟನ್ನು ಮಾತ್ರ ಊರಲ್ಲೇ ಬಿಟ್ಟಿದ್ದ. ನಮ್ಮೂರು ಅಕ್ಕಲಕೋಟ ತಾಲೂಕಿನದು. ಡಾಂಬರು ರಸ್ತೆಯಿಂದ ಊರಿನ ದಾರಿ ಕವಲೊಡೆಯುವ ಫಾಟಾದಲ್ಲಿ ಇಳಿದು ಒಳಗೆ ನಡೆಯಬೇಕು. ಊರಿನ ಪಡುವಣ ತುದಿಗೆ ನಮ್ಮ ಬೌದ್ಧರ ಓಣಿ, ಓಣಿಯ ಬಾಯಿಗೆ ಚಿಕ್ಕ ವಿಹಾರ. ಓಟು ಸೊಲ್ಲಾಪುರಕ್ಕೆ ಬದಲಾಯಿಸಿಕೊಳ್ಳೋಣವೆಂದು ಅಣ್ಣ ಹೇಳಿದಾಗಲೆಲ್ಲ ಅಪ್ಪ ಒಂದೇ ಉತ್ತರ ಕೊಡುತ್ತಿದ್ದ.

"ಸೊಲ್ಲಾಪುರದಾಗ ನಂದು ಒಂದ ಓಟ. ಊರಾಗ ನಂದು ಓಣಿ ಓಟ."

ಅದು ಜಂಬದ ಮಾತಲ್ಲ. ಮತದಾನದ ಹಿಂದಿನ ದಿನ ಅಪ್ಪ ಬಸ್ಸು ಹತ್ತಿ ಊರಿಗೆ ಹೋಗಿ ವಿಹಾರದ ಕಟ್ಟೆಯ ಮೇಲೆ ಕೂಡುತ್ತಿದ್ದ. ಗಂಡಸರು ಒಬ್ಬೊಬ್ಬರಾಗಿ ಬಂದು ಎದುರಿಗೆ ಕೂಡುತ್ತಿದ್ದರು. ಮಳೆ, ಜೋಳ, ಯಾರ ಮನೆಯ ಮದುವೆ ಎಂದೆಲ್ಲ ಆದ ಮೇಲೆ ಯಾರೋ ಒಬ್ಬ "ಈ ಸಲ ಹೆಂಗರಿ?" ಎಂದು ಕೇಳುತ್ತಿದ್ದ. ಅಪ್ಪ ಭಾಷಣ ಮಾಡುತ್ತಿರಲಿಲ್ಲ. ಇಂಥವರಿಗೆ ಎನ್ನುತ್ತಿದ್ದ, ಯಾಕೆಂದು ಎರಡು ಮಾತು ಹೇಳುತ್ತಿದ್ದ. ಮಿಲ್ಲಿನಲ್ಲಿ ಯೂನಿಯನ್ ಸಭೆಗಳಿಗೆ ಹೋಗುತ್ತಿದ್ದವನು, ದಿನಾ ಮರಾಠಿ ಪೇಪರ್ ಓದುತ್ತಿದ್ದವನು ಎಂದು ಓಣಿಗೆ ಅವನ ಮೇಲೆ ನಂಬಿಕೆ. ಕೆಲವು ಸಲ ಹಳೆಯ ಪಕ್ಷ ಎಂದಿದ್ದ, ಕೆಲವು ಸಲ ನೀಲಿ ಬಾವುಟದವರು ಎಂದಿದ್ದ. ಒಮ್ಮೆ ಯಾವ ಪಕ್ಷದವನೂ ಅಲ್ಲದ ಒಬ್ಬನನ್ನು ಹೇಳಿದ್ದ, ಓಣಿಗೆ ಬೋರ್ ಹಾಕಿಸಿಕೊಟ್ಟವನೆಂದು. ಮಾರನೆಯ ದಿನ ಓಣಿ ಹಾಗೆಯೇ ಹಾಕುತ್ತಿತ್ತು, ಅಥವಾ ಹಾಗೆಂದು ನಾವು ತಿಳಿದಿದ್ದೆವು.

ಇದರಲ್ಲಿ ವಿಶೇಷವೇನೂ ಇರಲಿಲ್ಲ. ಮೇಲಿನ ಓಣಿಯ ಲಿಂಗಾಯತರಿಗೆ ಅವರ ಗೌಡರು, ಕುರುಬರ ಓಣಿಗೆ ಅವರ ಹಿರಿಯರು, ಮುಸಲ್ಮಾನರ ಮನೆಗಳಿಗೆ ಮಸೀದಿಯ ಹತ್ತಿರದ ಅಂಗಡಿಯವರು. ಉಮೇದುವಾರರು ಊರಿಗೆ ಬಂದಾಗ ಮೊದಲು ಇಂಥವರ ಮನೆಗೇ ಹೋಗುತ್ತಿದ್ದರು. ಕೈಯಲ್ಲಿ ಹಂಚುವ ಕಾಗದ ಮರಾಠಿಯದು, ಬಾಯಲ್ಲಿ ಮಾತು ಕನ್ನಡದ್ದು. ಅಕ್ಕಲಕೋಟ ಸೀಮೆಯಲ್ಲಿ ಕನ್ನಡ ಬಾರದೆ ಓಟು ಕೇಳಲು ಆಗುವುದಿಲ್ಲ. ಗೆದ್ದ ಮೇಲೆ ಮುಂಬಯಿಯಲ್ಲಿ ಏನು ಮಾತಾಡುತ್ತಾರೋ ನಮಗೆ ಕೇಳಿಸುತ್ತಿರಲಿಲ್ಲ.

ನಾನು ಎಸ್‌ಟಿಯ, ಅಂದರೆ ಮಹಾರಾಷ್ಟ್ರ ಸರಕಾರದ ಬಸ್ಸಿನ ಕಂಡಕ್ಟರ್. ಗಂಡ ಎಸ್‌ಟಿಯಲ್ಲೇ ಡ್ರೈವರ್ ಇದ್ದ. ಅವನು ತೀರಿಕೊಂಡ ಮೇಲೆ ಆ ಲೆಕ್ಕದಲ್ಲಿ ನನಗೆ ಈ ನೌಕರಿ ಸಿಕ್ಕಿತು. ತವರಿಗೆ ಬಂದು ಅಪ್ಪ ಅವ್ವನ ಜೊತೆ ಇದ್ದೆ. ಮಿಲ್ಲಿನ ಹಿಂದಿನ ಚಾಳು, ಎರಡು ಖೋಲಿ, ಹೊರಗೆ ನಳ. ಗಂಡ ಹೋದಾಗ ನಾನು ಎಲ್ಲರೆದುರು ಅಳಲಿಲ್ಲವೆಂದು ಅತ್ತೆಯ ಮನೆಯವರು ಮಾತಾಡಿಕೊಂಡರಂತೆ. ಆಮೇಲೂ ಅಳು ಬರಲಿಲ್ಲ. ಬೆಳಿಗ್ಗೆ ಎದ್ದು ಖಾಕಿ ಹಾಕಿಕೊಂಡು ಡಿಪೋಕ್ಕೆ ಹೋಗುತ್ತಿದ್ದೆ. ಕುಂಭಾರಿ, ವಳಸಂಗ, ಅಕ್ಕಲಕೋಟ, ಮತ್ತೆ ವಳಸಂಗ, ಕುಂಭಾರಿ. ಗುರುವಾರ ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗುವವರ ಗದ್ದಲ. ಉಳಿದ ದಿನ ಪೇಟೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ದವಾಖಾನೆಗೆ ಹೋಗುವವರು. ಯಾರು ಏನು ಮಾತಾಡಿದರೂ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ನಳದ ಹತ್ತಿರ ಕೊಡ ಎತ್ತಲು ಬಗ್ಗಿದವನು ಮೇಲೇಳಲಿಲ್ಲ. ಸರಕಾರಿ ದವಾಖಾನೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು. ಉಳಿದದ್ದು ಒಂದೇ ಶಬ್ದ, "ಹೂಂ". ಹಸಿವೆಯೇ ಎಂದರೆ ಹೂಂ, ಹೊಟ್ಟೆ ತುಂಬಿತೇ ಎಂದರೂ ಹೂಂ. ನೋವಿದೆಯೇ ಎಂದು ಡಾಕ್ಟರ್ ಕೇಳಿದರೆ ಹೂಂ, ಇಲ್ಲವಲ್ಲ ಎಂದರೂ ಹೂಂ. ಮೊದಮೊದಲು ಅವ್ವ ಅವನ ಕಣ್ಣು ನೋಡಿ ಅರ್ಥ ಮಾಡಿಕೊಳ್ಳಲು ನೋಡಿದಳು. ಆಮೇಲೆ ಬಿಟ್ಟಳು. ಹೊತ್ತಿಗೆ ಸರಿಯಾಗಿ ಉಣ್ಣಿಸುತ್ತಿದ್ದಳು, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುತ್ತಿದ್ದಳು. ನಾನು ಡ್ಯೂಟಿ ಮುಗಿಸಿ ಬಂದು ಅವನ ಮೈ ಒರೆಸುತ್ತಿದ್ದೆ. ಹಾಸಿಗೆ ಹಿಡಿದ ಅಪ್ಪನನ್ನು ನೋಡಿ ನನಗೆ ಏನಾಗಬೇಕಿತ್ತೋ ಅದು ಆಗುತ್ತಿರಲಿಲ್ಲ. ಒರೆಸಿದ ಬಟ್ಟೆ ಹಿಂಡಿ ದಾರಕ್ಕೆ ಹಾಕುತ್ತಿದ್ದೆ.

ಬೇಸಿಗೆಗೆ ದೊಡ್ಡ ಚುನಾವಣೆ ಬಂತು, ದಿಲ್ಲಿಯದು.

ಮೊದಲು ಬಂದವನು ಕಾಕಾ, ಅಪ್ಪನ ತಮ್ಮ. ಊರಲ್ಲೇ ಇರುವವನು, ಹಳೆಯ ಪಕ್ಷದ ಕೆಲಸ ಮಾಡುವವನು. ಜೊತೆಗೆ ತಾಲೂಕಿನ ಇಬ್ಬರು ಪುಢಾರಿಗಳು ಬಿಳಿ ಅಂಗಿ ತೊಟ್ಟು ಬಂದಿದ್ದರು. ಕೂಡಲು ಜಾಗವಿರಲಿಲ್ಲ, ಬಾಗಿಲಲ್ಲೇ ನಿಂತರು. ಕಾಕಾ ಅಪ್ಪನ ಕಾಲ ಬುಡದಲ್ಲಿ ಕೂತು ಆ ಸಲದ ಮಾತೆಲ್ಲ ಹೇಳಿದ. ಸಂವಿಧಾನ ಬದಲಿಸುತ್ತಾರಂತೆ ಎಂಬ ಸುದ್ದಿ ಎಲ್ಲ ಓಣಿಗಳಲ್ಲಿ ಓಡಾಡುತ್ತಿತ್ತು, ಅದನ್ನೂ ಹೇಳಿದ. ಕೊನೆಗೆ ಕೇಳಿದ.

"ಅಣ್ಣಾ, ಓಣಿಯವ್ರು ಕೇಳಾಕತ್ತಾರ. ನಮ್ಮವರಿಗೇ ಅಂತ ಹೇಳ್ಲಿ?"

ಅಪ್ಪ "ಹೂಂ" ಎಂದ.

ಕಾಕಾ ಕಣ್ಣೊರೆಸಿಕೊಂಡ. ಆ ಇಬ್ಬರೂ ಅಪ್ಪನಿಗೆ ಕೈಮುಗಿದು ಹೋದರು. ಅವ್ವ ಚಹಾ ಕುದಿಸಿದ್ದಳು. ಅದು ಹಾಗೆಯೇ ಉಳಿಯಿತು.

ನಾಲ್ಕೈದು ದಿನಕ್ಕೆ ಅಣ್ಣ ಬಂದ. ಅಣ್ಣ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಚಾದರ ಕಾರಖಾನೆಯ ಸೂಪರ್‌ವೈಸರ್. ಹೆಂಡತಿ ಮಕ್ಕಳೊಡನೆ ಬೇರೆ ಇದ್ದಾನೆ. ಮಿಲ್ಲು ಮುಚ್ಚಿದ ಮೇಲೆ ಅಪ್ಪನ ಬಾವುಟಗಳು ನಮಗೇನು ಕೊಟ್ಟವು ಎಂಬುದು ಅವನ ಹಳೆಯ ಪ್ರಶ್ನೆ. ಅವನು ಹೊಸ ಪಕ್ಷದಲ್ಲಿದ್ದ. ಆ ಪಕ್ಷದಲ್ಲಿ ನಮ್ಮ ಜನ ಕಡಿಮೆ, ಹಾಗಾಗಿ ಅವನಿಗೆ ಅಲ್ಲಿ ಮರ್ಯಾದೆ ಹೆಚ್ಚು. ಅವನ ಜೊತೆ ಬಂದವರು ಹಣ್ಣು ತಂದಿದ್ದರು. ಒಬ್ಬ ಮೊಬೈಲ್ ಹಿಡಿದು ನಿಂತಿದ್ದ. ಅಣ್ಣ ಬಗ್ಗಿ ಅಪ್ಪನ ಕಿವಿಯ ಹತ್ತಿರ ಕೇಳಿದ, ಈ ಸಲ ನಮ್ಮ ಪಕ್ಷಕ್ಕೆ ಆಶೀರ್ವಾದ ಇದೆಯೇ ಎಂದು. ಅಪ್ಪ ಹೂಂ ಎಂದ. ಅದು ವಿಡಿಯೋದಲ್ಲಿ ಬಂತು.

ಕಾಕಾ ಬಂದದ್ದೂ ಅಪ್ಪ ಅವನಿಗೆ ಹೂಂ ಎಂದದ್ದೂ ನಾನು ಅಣ್ಣನಿಗೆ ಹೇಳಿದೆ. ಅಪ್ಪ ಯಾವುದಕ್ಕೂ ಹೂಂ ಅನ್ನುವುದು ನಿನಗೂ ಗೊತ್ತಲ್ಲ ಎಂದೆ.

"ನನಗ ಗೊತ್ತೈತಿ," ಅಂದ ಅಣ್ಣ. "ಕಾಕಾಗೂ ಗೊತ್ತೈತಿ. ಆದ್ರ ಕೇಳಲಾರದ ಹೆಂಗ ಇರೂದ?"

ನಾನು ಅವರು ತಂದ ಹಣ್ಣು ಒಳಗಿಟ್ಟೆ. ಮಾರನೆಯ ದಿನ ನನಗೆ ಬೆಳಗಿನ ಪಾಳಿ ಇತ್ತು.

ಓಣಿಯಲ್ಲಿ ಎರಡು ಮಾತು ಹುಟ್ಟಿದವು. ಕಾಕಾನ ಮನೆಯ ಸಾಲಿನವರು ಅಪ್ಪ ಹಳೆಯ ಪಕ್ಷ ಅಂದಾನ ಎಂದರು. ಅಣ್ಣನ ವಿಡಿಯೋ ನೋಡಿದ ಹುಡುಗರು ಹೊಸ ಪಕ್ಷ ಎಂದರು. ವಿಹಾರದ ಮುಂದೆ ಜಗಳವಾಯಿತು, ಒಬ್ಬನ ಅಂಗಿ ಹರಿಯಿತು. ನೀಲಿ ಬಾವುಟದ ಉಮೇದುವಾರನ ಕಡೆಯವರು, ಅಪ್ಪ ಆರೋಗ್ಯದಿಂದ ಇದ್ದಿದ್ದರೆ ನಮಗೇ ಹೇಳುತ್ತಿದ್ದ ಎಂದು ಹೇಳಿಕೊಂಡು ತಿರುಗಿದರು. ಇದೆಲ್ಲ ನನಗೆ ಬಸ್ಸಿನಲ್ಲೇ ತಿಳಿಯಿತು. ನಮ್ಮ ಓಣಿಯ ಒಬ್ಬ ಮುದುಕಿ, ಅವ್ವನ ಗೆಳತಿ, ಕಣ್ಣಿನ ಔಷಧಕ್ಕೆಂದು ಸೊಲ್ಲಾಪುರಕ್ಕೆ ಬರುವವಳು, ಫಾಟಾದಲ್ಲಿ ಹತ್ತಿದಳು. ಟಿಕೆಟ್ ಕೊಡುವಾಗ ನನ್ನ ಕೈ ಹಿಡಿದುಕೊಂಡಳು.

"ಖರೇ ಹೇಳ ಮಗಳಾ. ನಿಮ್ಮಪ್ಪ ಏನಂದ?"

"ಏನೂ ಅಂದಿಲ್ಲ ಆಯಿ. ಅವಗ ಮಾತ ಇಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ಮುಚ್ಚಿಡುತ್ತಿದ್ದೇನೆ ಎಂದುಕೊಂಡಳೋ ಏನೋ, ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡುವುದಿತ್ತು.

ಹಾಸಿಗೆ ಹಿಡಿದವರು ಮನೆಯಿಂದಲೇ ಮತ ಹಾಕಬಹುದೆಂದು ನನಗೆ ಡಿಪೋದಲ್ಲಿ ಗೊತ್ತಾಗುವ ಹೊತ್ತಿಗೆ ಅರ್ಜಿಯ ದಿನ ಮುಗಿದಿತ್ತು. ಈ ಸಲ ಅಪ್ಪ ಓಟು ಹಾಕದಿದ್ದರೆ ನಡೆಯುತ್ತದೆ ಎಂದು ನಾನು ಅವ್ವನಿಗೆ ಹೇಳಿದೆ. ಅವ್ವ ಒಪ್ಪಲಿಲ್ಲ. ಅವನು ಒಂದು ಸಲವೂ ತಪ್ಪಿಸಿದವನಲ್ಲ, ಮಿಲ್ಲಿನ ಮುಷ್ಕರದಲ್ಲಿ ಹೊಟ್ಟೆಗಿಲ್ಲದಾಗಲೂ ಹೋಗಿ ಹಾಕಿ ಬಂದವನು ಎಂದಳು.

ಮತದಾನದ ದಿನ ಬೆಳಿಗ್ಗೆ ಚಾಳಿನ ಮುಂದೆ ಎರಡು ಗಾಡಿ ನಿಂತಿದ್ದವು. ಒಂದು ಕಾಕಾ ಕಳಿಸಿದ ಜೀಪು, ಇನ್ನೊಂದು ಅಣ್ಣ ಕಳಿಸಿದ ಕಾರು. ಎರಡರ ಮೇಲೂ ಬಾವುಟ ಇರಲಿಲ್ಲ. ಆದರೆ ಊರಿಗೆ ಅವುಗಳ ನಂಬರೇ ಗೊತ್ತು. ಅಪ್ಪ ಯಾವ ಗಾಡಿಯಿಂದ ಇಳಿಯುತ್ತಾನೋ ಅದೇ ಅವನ ಮಾತು ಎಂದು ಓಣಿ ತಿಳಿಯುತ್ತದೆ. ಅಷ್ಟನ್ನು ನಾನೂ ಯೋಚಿಸಿದ್ದೆ, ಮುಂದೇನು ಮಾಡಬೇಕೆಂದು ಯೋಚಿಸಿರಲಿಲ್ಲ. ಅವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಗೆ ಬಂದಳು. ಇಬ್ಬರು ಡ್ರೈವರುಗಳೂ ಬಾಗಿಲು ತೆಗೆದರು.

"ನೀವು ಹೋಗ್ರಪಾ," ಎಂದಳು. "ನಾವು ಎಸ್‌ಟಿದಾಗ ಬರ್ತೀವಿ."

ರಿಕ್ಷಾದಲ್ಲಿ ಸ್ಟ್ಯಾಂಡಿಗೆ ಹೋದೆವು. ಆ ಹೊತ್ತಿನ ಫೇರಿಗೆ ಹೊರಟ ಬಸ್ಸಿನ ಡ್ರೈವರ್ ನನ್ನ ಗಂಡನ ಜೊತೆ ಕೆಲಸ ಮಾಡಿದವನು. ಏನೂ ಕೇಳದೆ ಇಳಿದು ಬಂದು ಅಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಕಂಡಕ್ಟರ್ ಹುಡುಗಿ ತನ್ನ ನೀರಿನ ಬಾಟಲಿ ಕೊಟ್ಟಳು. ಕಿಟಕಿಯಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ಕುಂಭಾರಿ ದಾಟಿದ ಮೇಲೆ ಅಪ್ಪನ ತಲೆ ನನ್ನ ಭುಜಕ್ಕೆ ಒರಗಿತು, ನಿದ್ದೆ ಹತ್ತಿತ್ತು. ಅವನ ಬಾಯಿಂದ ಸೋರಿದ್ದನ್ನು ನನ್ನ ಓಢಣಿಯಿಂದ ಒರೆಸಿದೆ. ಬಸ್ಸಿನಲ್ಲಿ ನಾನು ಕೂತು ಹೋಗುತ್ತಿರುವುದು ಬಹಳ ದಿನದ ಮೇಲೆ ಎಂಬುದೊಂದೇ ಮನಸ್ಸಿಗೆ ಬಂತು.

ಫಾಟಾದಲ್ಲಿ ಹಾಲಿನ ಟೆಂಪೋ ಒಂದು ಸಿಕ್ಕಿತು. ಸಾಲೆಯ ಮುಂದೆ ಅಪ್ಪನನ್ನು ಇಳಿಸಿಕೊಂಡಾಗ ಬೇವಿನ ಮರದ ಕೆಳಗೆ ನಿಂತಿದ್ದ ನಮ್ಮ ಓಣಿಯವರು ಈ ಕಡೆ ತಿರುಗಿದರು. ಟೆಂಪೋ ಯಾರದು ಎಂದು ಒಬ್ಬ ಕೇಳಿದ. ಯಾರದೂ ಅಲ್ಲ, ಹಾಲಿನದು ಎಂದು ಅವ್ವ ಹೇಳಿದಳು.

ಅದು ಸೊಲ್ಲಾಪುರಕ್ಕೆ ಬರುವ ಮೊದಲು ನಾನು ಕಲಿತ ಕನ್ನಡ ಸಾಲೆ. ಗೋಡೆಯ ಮೇಲೆ ವರ್ಣಮಾಲೆ ಹಾಗೆಯೇ ಇತ್ತು, ಬಣ್ಣ ಹೊಸದು. ಒಳಗೆ ಏಜೆಂಟರ ಬೆಂಚಿನ ಮೇಲೆ ಒಂದು ತುದಿಗೆ ಕಾಕಾ, ಇನ್ನೊಂದು ತುದಿಗೆ ಅಣ್ಣ. ಇಬ್ಬರೂ ಎದ್ದು ನಿಂತರು. ಮತಗಟ್ಟೆಯ ಅಧಿಕಾರಿ ಸಾಹೇಬರು ಬಾರ್ಶಿ ಕಡೆಯವರಂತೆ, ಕನ್ನಡ ಬಾರದು. ಇಬ್ಬರನ್ನೂ ಕೂಡಲು ಹೇಳಿ ಅಪ್ಪನ ಹತ್ತಿರ ಬಂದರು. ಜೊತೆಗೆ ಒಬ್ಬರು ಹೋಗಬಹುದು, ಯಾರು ಬರಬೇಕು ಎಂದು ಮರಾಠಿಯಲ್ಲಿ ಕೇಳಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ಈ ಹುಡುಗಿ ಆಗಬಹುದೇ ಎಂಬಂತೆ, "ಹೀ ಮುಲಗಿ ಚಾಲೇಲ ಕಾ, ಬಾಬಾ?" ಎಂದರು. ಅಪ್ಪ ಹೂಂ ಎಂದ. ಅವನ ಓಟನ್ನು ಯಾರಿಗೂ ಹೇಳುವುದಿಲ್ಲವೆಂದು ನಾನು ಬರೆದು ಸಹಿ ಮಾಡಿದೆ. ಅವನ ಎಡಗೈಯ ಬೆರಳಿಗೆ ಶಾಯಿ ಹಚ್ಚಿದರು. ಅವನ ಸಲುವಾಗಿ ಬಂದದ್ದಕ್ಕೆ ನನ್ನ ಬಲಗೈಯ ಬೆರಳಿಗೂ ಹಚ್ಚಿದರು.

ಮತಗಟ್ಟೆಯವರು ಅವನಿಗೆ ಕೊಟ್ಟಿದ್ದ ಗಾಲಿಕುರ್ಚಿಯನ್ನು ರಟ್ಟಿನ ಮರೆಯ ಹಿಂದೆ ಮೇಜಿಗೆ ತಾಗುವಂತೆ ನಿಲ್ಲಿಸಿದೆ. ಹೆಸರುಗಳನ್ನು ಮೇಲಿನಿಂದ ಒಂದೊಂದಾಗಿ ಮೆಲ್ಲಗೆ ಓದಿದೆ. ಪ್ರತಿ ಹೆಸರಿಗೂ ಅಪ್ಪ ಹೂಂ ಎಂದ. ಹಳೆಯ ಪಕ್ಷಕ್ಕೆ ಹೂಂ, ಹೊಸ ಪಕ್ಷಕ್ಕೆ ಹೂಂ, ನೀಲಿ ಬಾವುಟಕ್ಕೆ ಹೂಂ, ನಮ್ಮ ಜಿಲ್ಲೆಯಲ್ಲಿ ಯಾರೂ ಕೇಳಿರದ ಹೆಸರುಗಳಿಗೂ ಹೂಂ. ಯಾರೂ ಬೇಡ ಎಂಬ ಕೊನೆಯ ಗುಂಡಿಗೂ ಹೂಂ. ಇನ್ನೊಮ್ಮೆ ಓದಿದೆ. ಹೊರಗಿನಿಂದ ಸಾಹೇಬರು, ಆಯಿತೇ ಎಂದು ಕೇಳಿದರು.

ಅವನ ಎಡಗೈಯನ್ನು ಹಿಡಿದು ಎತ್ತಿದೆ. ನಾನೇ ಒಂದು ಗುಂಡಿಯ ಮೇಲೆ ಇಡಬೇಕೆಂದಿದ್ದೆ. ಯಾವುದು ಎಂದು ಕೇಳಿದರೆ, ಅದನ್ನೂ ಆಗ ನಿಶ್ಚಯಿಸಿರಲಿಲ್ಲ. ಆದರೆ ಅಪ್ಪ ಕೈಯನ್ನು ನನ್ನ ಹಿಡಿತದಿಂದ ಬಿಡಿಸಿಕೊಂಡ. ಲಕ್ವಾ ಹೊಡೆದ ಮೇಲೆ ಅವನು ಇಷ್ಟು ಬಲವಾಗಿ ಏನನ್ನೂ ಎಳೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ಕೈ ಯಂತ್ರದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬೆರಳು ಒಂದು ಗುಂಡಿಯ ಮೇಲೆ ಇಳಿದು ಒತ್ತಿತು. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಚೀಟಿ ಬಂದು ನಿಂತಿತು, ಬಿತ್ತು. ಉದ್ದಕ್ಕೆ ಸದ್ದಾಯಿತು. ಅವನು ಆರಿಸಿ ಒತ್ತಿದನೋ, ಕೈ ಸೋತು ಬಿದ್ದಲ್ಲಿ ಬಿತ್ತೋ ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅವನ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ನನ್ನಲ್ಲೂ ಏನೂ ಇರಲಿಲ್ಲ.

ಚೀಟಿಯ ಮೇಲಿನ ಗುರುತು ನಾನು ನೋಡಿದ್ದೇನೆ. ಸಹಿ ಮಾಡಿದ್ದರಿಂದ ಅದನ್ನು ಆಗಲೂ ಯಾರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಆಮೇಲೆ ನಾನು ಹಾಕಿದೆ, ಅವ್ವ ಹಾಕಿದಳು. ಹೊರಗೆ ಬಂದಾಗ ಓಣಿಯ ಗಂಡಸರು ಅಪ್ಪನ ಸುತ್ತ ಸೇರಿದರು. ಏನೋ ಕೇಳಬೇಕೆಂದು ಬಂದವರು, ಅವನನ್ನು ಕಣ್ಣಾರೆ ನೋಡಿದ ಮೇಲೆ ಕೇಳಲಿಲ್ಲ. ಅವನನ್ನು ಹಾಗೆ ಅವರು ನೋಡಿರಲಿಲ್ಲ. ಒಬ್ಬ ಮುದುಕ ಅಪ್ಪನ ಬಲಗೈ ಎತ್ತಿ ತನ್ನ ಹಣೆಗೆ ಒತ್ತಿಕೊಂಡು, ಜಾರದಂತೆ ಮತ್ತೆ ತೊಡೆಯ ಮೇಲೆ ಇಟ್ಟ. ಆಮೇಲೆ ಒಬ್ಬೊಬ್ಬರೇ ಸಾಲಿನಲ್ಲಿ ನಿಂತರು.

ಮರಳಿ ಬರುವ ಬಸ್ಸಿಗೆ ಫಾಟಾದಲ್ಲಿ ಬಹಳ ಹೊತ್ತು ಕಾದೆವು. ಅಪ್ಪನನ್ನು ಚಹಾದ ಅಂಗಡಿಯ ಹಗ್ಗದ ಮಂಚದ ಮೇಲೆ ಮಲಗಿಸಿದ್ದೆವು. ಅವ್ವ ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಿದ್ದಳು. ಅವಳಿಗೆ ಅಪ್ಪನ ಮಾತಿಲ್ಲದೆ ಓಟು ಹಾಕಿದ್ದು ಇದೇ ಮೊದಲು ಎಂಬುದು ನನ್ನ ಲೆಕ್ಕ. ಏನು ಮಾಡಿದೆ ಎಂದು ಕೇಳಿದೆ.

"ಯಾವಾಗ್ಲೂ ಮಾಡಿದ್ದನ್ನ ಮಾಡೀನಿ," ಅಂದಳು.

"ಅಪ್ಪ ಈ ಸಲ ಏನೂ ಹೇಳಿಲ್ಲಲ್ಲ."

ಅವ್ವ ಅಪ್ಪನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿದ್ದ. ಆದರೂ ದನಿ ತಗ್ಗಿಸಿದಳು.

"ಮಿಲ್ಲ ಬಂದ್ ಆದ ಮ್ಯಾಲಿಂದ ಅವರು ಹೇಳಿದಂಗ ನಾ ಹಾಕಿಲ್ಲ ಮಗಳಾ. ನನಗ ತಿಳಿದಂಗ ಹಾಕ್ತೀನಿ. ಓಣಿ ಹೆಣ್ಮಕ್ಕಳು ಭಾಳ ಮಂದಿ ಹಂಗ. ಅವರ ಮುಂದ ಹೂಂ ಅಂತಿದ್ವಿ."

ಮಿಲ್ಲು ಮುಚ್ಚಿದಾಗ ನಾನು ಚಿಕ್ಕವಳು. ಅಂದರೆ ನನಗೆ ತಿಳುವಳಿಕೆ ಬಂದಾಗಿನಿಂದ ಅಪ್ಪ ಬಸ್ಸು ಹತ್ತಿ ಹೋಗಿ ಕಟ್ಟೆಯ ಮೇಲೆ ಕೂತು ಹೇಳಿ ಬರುತ್ತಿದ್ದಷ್ಟೂ ಸಲ, ಅವನ ಮನೆಯ ಓಟೇ ಅವನ ಕೈಯಲ್ಲಿರಲಿಲ್ಲ. ಅವನಿಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿಲ್ಲ ಎಂದಳು ಅವ್ವ. ಗೊತ್ತಿದ್ದರೂ ಕೇಳುವವನಲ್ಲ ಎಂದಳು. ಚಹಾದವನು ಬಂದು ಲೋಟ ತೆಗೆದುಕೊಂಡು ಹೋದ. ಬಸ್ಸು ಬಂತು.

ಫಲಿತಾಂಶ ಬಂದ ಮೇಲೆ ಅಣ್ಣ ಒಂದು ಸಂಜೆ ಮನೆಗೆ ಬಂದ. ಅವನ ಪಕ್ಷ ಸೋತಿತ್ತು, ಆದರೆ ನಾನು ಅಂದುಕೊಂಡಷ್ಟು ಬೇಸರದಲ್ಲಿ ಅವನಿರಲಿಲ್ಲ. ಹೆಚ್ಚಾಗಿ ನಮ್ಮ ಓಣಿಯವರೇ ಹಾಕುವ ಆ ಬೂತಿನ ಲೆಕ್ಕ ಅವನ ಪಕ್ಷದ ಕಚೇರಿಯಲ್ಲಿ ನೋಡಿದ್ದನಂತೆ. ಓಣಿಯ ಓಟು ಹೆಚ್ಚಾಗಿ ಹಳೆಯ ಪಕ್ಷಕ್ಕೆ ಹೋಗಿತ್ತು, ಉಳಿದದ್ದು ಅಲ್ಲಷ್ಟು ಇಲ್ಲಷ್ಟು. ಹಿಂದಿನ ಸಲಗಳಲ್ಲೂ ಹೀಗೇ ಹರಿದು ಹಂಚಿ ಹೋಗುತ್ತಿತ್ತು ಎಂದು ಅಲ್ಲಿನ ಹಿರಿಯನೊಬ್ಬ ಅವನಿಗೆ ಹೇಳಿದನಂತೆ. ಅಪ್ಪ ಹೇಳಿದ ಕಡೆಗೆ ಓಣಿ ಒಂದೇ ಗಂಟಾಗಿ ಬಿದ್ದದ್ದು ಎಂದೋ ಹಿಂದಿನ ಕಾಲದಲ್ಲಿ. ಎರಡೂ ಪಕ್ಷದವರಿಗೆ ಇದು ಗೊತ್ತಿತ್ತು. ಆದರೂ ಅಪ್ಪನ ಬಾಗಿಲಿಗೆ ಬರುವುದನ್ನು ಅವರು ಬಿಟ್ಟಿರಲಿಲ್ಲ.

ಅಣ್ಣ ಇದನ್ನು ಅಪ್ಪನ ಹಾಸಿಗೆಯ ಪಕ್ಕದಲ್ಲೇ ಕೂತು ಹೇಳಿದ. ಅಪ್ಪ ಅವನನ್ನೇ ನೋಡುತ್ತಿದ್ದ. ಹೇಳಿ ಮುಗಿದ ಮೇಲೆ ಅಣ್ಣ ತನ್ನ ಮೊಬೈಲ್ ತೆಗೆದು ಆ ವಿಡಿಯೋ ಅಳಿಸಿದ. ಆಮೇಲೆ ಅಪ್ಪನ ಗಡ್ಡ ಬೆಳೆದಿದೆ ಎಂದು ಬ್ಲೇಡು ಕೇಳಿದ. ನಾನು ನೀರು ಕಾಯಿಸಿ ಕೊಟ್ಟೆ. ಅಪ್ಪನಿಗೆ ಅಣ್ಣ ಗಡ್ಡ ಹೆರೆದದ್ದು ಅದೇ ಮೊದಲು, ಅದೇ ಕೊನೆ.

ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಅವ್ವ ಮಧ್ಯಾಹ್ನ ಗಂಜಿ ಕುಡಿಸಲು ಹೋದಾಗ ಮೈ ತಣ್ಣಗಿತ್ತು. ನಾನು ಅಕ್ಕಲಕೋಟ ಸ್ಟ್ಯಾಂಡಿನಲ್ಲಿದ್ದೆ. ಫೋನು ಬಂದ ಮೇಲೂ ಬದಲಿ ಕಂಡಕ್ಟರ್ ಸಿಗದೆ ಅದೇ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಲೇ ಸೊಲ್ಲಾಪುರಕ್ಕೆ ಬಂದೆ. ಚಿಲ್ಲರೆ ತಪ್ಪಲಿಲ್ಲ. ಊರಿಗೆ ಒಯ್ದೆವು. ಕಾಕಾ ಮತ್ತು ಅಣ್ಣ ಮುಂದಿನ ಎರಡು ಹೆಗಲು ಕೊಟ್ಟರು. ಎಲ್ಲ ಪಕ್ಷದವರೂ ಬಂದಿದ್ದರು, ಮೇಲಿನ ಓಣಿಯ ಗೌಡರೂ ಬಂದು ವಿಹಾರದ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ಎಲ್ಲರೂ ಅಳುತ್ತಿದ್ದರು. ನಾನು ಬಂದವರಿಗೆ ನೀರು ಕೊಡುತ್ತಿದ್ದೆ.

ದೀಪಾವಳಿಯ ನಂತರ ಇನ್ನೊಂದು ಚುನಾವಣೆ ಬಂತು, ರಾಜ್ಯದ್ದು. ಅಷ್ಟರಲ್ಲಿ ನನ್ನ ಹೆಸರನ್ನು ಸೊಲ್ಲಾಪುರಕ್ಕೆ ಬದಲಾಯಿಸಿಕೊಂಡಿದ್ದೆ. ಮನೆಯ ಹತ್ತಿರದ ಮುನ್ಸಿಪಾಲಿಟಿ ಸಾಲೆಯಲ್ಲಿ ಬೆಳಿಗ್ಗೆಯೇ ಓಟು ಹಾಕಿ ಡ್ಯೂಟಿಗೆ ಹೋದೆ. ಅಲ್ಲಿ ನನ್ನನ್ನು ಯಾರೂ ಗುರುತಿಸಲಿಲ್ಲ, ಯಾರೂ ಏನೂ ಕೇಳಲಿಲ್ಲ. ಅವ್ವ ತನ್ನದನ್ನು ಬದಲಾಯಿಸಲು ಒಪ್ಪಿರಲಿಲ್ಲ. ನನ್ನ ಬಸ್ಸಿಗೇ ಹತ್ತಿದಳು. ಹೆಂಗಸರಿಗಿರುವ ಅರ್ಧ ಟಿಕೆಟ್ ಕೊಟ್ಟೆ. ಫಾಟಾದಲ್ಲಿ ಕಣ್ಣಿನ ಔಷಧದ ಆಯಿಯೂ ಇನ್ನಿಬ್ಬರು ಹೆಂಗಸರೂ ಅವಳಿಗಾಗಿ ಕಾಯುತ್ತಿದ್ದರು. ನಾಲ್ವರೂ ಮಾತಾಡುತ್ತಾ ಊರ ಕಡೆ ನಡೆದರು.

ಇಳಿಹೊತ್ತಿನ ಫೇರಿಯಲ್ಲಿ ಅದೇ ಫಾಟಾದಲ್ಲಿ ಹತ್ತಿದಳು. ಬಸ್ಸಿನಲ್ಲಿ ಜನ ಕಡಿಮೆ. ಕಂಡಕ್ಟರ್ ಸೀಟಿನ ಪಕ್ಕದಲ್ಲಿ ಬಂದು ಕೂತಳು. ಏನು ಸುದ್ದಿ ಎಂದೆ. ಕಾಕಾನ ಸೊಸೆಗೆ ಹೆಣ್ಣು ಹುಟ್ಟಿದೆಯಂತೆ, ಕೂಸು ಗುಂಡುಗುಂಡಗೆ ಇದೆಯಂತೆ. ತೊಗರಿ ಹೂ ಬಿಟ್ಟಿದೆಯಂತೆ. ಓಟಿನ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ವಳಸಂಗದಲ್ಲಿ ಒಂದಿಷ್ಟು ಜನ ಹತ್ತಿದರು. ನಾನು ಎದ್ದು ಅವರ ಕಡೆ ಹೋದೆ.